ದತ್ತು ತಂದ ಜರ್ಮನ್ ಶೆಫರ್ಡ್: ಮೊದಲು ಮೈ ನೋಡಿ, ನಡತೆ ಆಮೇಲೆ

ಜರ್ಮನ್ ಶೆಫರ್ಡ್ ಸಾಕಲಾಗದೆ ಬಿಟ್ಟುಕೊಡುವವರು ಹೇಳುವ ಕಾರಣಗಳು ಸುತ್ತಿ ಬಳಸಿ ನಾಲ್ಕೇ. ಮುಟ್ಟಲು ಹೋದರೆ ಗುರ್ರೆನ್ನುತ್ತದೆ. ಎಷ್ಟು ಹಾಕಿದರೂ ಸಾಲದು, ಕಸದ ಡಬ್ಬಿಗೂ ಬಾಯಿ ಹಾಕುತ್ತದೆ. ದೊಡ್ಡ ನಾಯಿಯಾದರೂ ಮನೆಯೊಳಗೇ ಹೊಲಸು ಮಾಡುತ್ತದೆ. ಗೇಟಿನ ಬಳಿ ದಿನವಿಡೀ ಓಡಾಡಿ ಬೊಗಳುತ್ತದೆ. ಇವುಗಳಲ್ಲಿ ಮೊದಲ ಮೂರರ ಹಿಂದೆ ಕಾಯಿಲೆ ಅಡಗಿರುವುದು ಈ ತಳಿಯಲ್ಲಿ ಅಪರೂಪವೇನಲ್ಲ. ಸೊಂಟದ ಕೀಲು ನೋಯುವ ನಾಯಿ ಹಿಂಭಾಗಕ್ಕೆ ಕೈ ಬಂದರೆ ಗುರ್ರೆನ್ನದೆ ಇನ್ನೇನು ಮಾಡೀತು? ಮೇದೋಜೀರಕ ಗ್ರಂಥಿ ಕೈಕೊಟ್ಟ ನಾಯಿಗೆ ತಿಂದದ್ದು ಮೈಗೆ ಹತ್ತುವುದಿಲ್ಲ, ಹಸಿವೂ ಇಂಗುವುದಿಲ್ಲ, ಮಲ ತಡೆದುಕೊಳ್ಳಲೂ ಆಗುವುದಿಲ್ಲ. ಇಂಥ ನಾಯಿಯನ್ನು ಮನೆಗೆ ತಂದು, ಬಂದ ವಾರವೇ ತರಬೇತುದಾರರನ್ನು ಹುಡುಕುವುದು ತಪ್ಪು ದಾರಿ. ಮೊದಲು ಮೈ ನೋಡಬೇಕು, ನಡತೆಯ ವಿಚಾರ ಆಮೇಲೆ. ಈ ಬರಹ ಪೂರ್ತಿ ಆ ಒಂದು ಮಾತಿನ ಸುತ್ತಲೇ ಇದೆ.

ನಾಲ್ಕನೆಯ ದೂರು ಮಾತ್ರ ಬೇರೆ. ಅದು ರಕ್ತದಲ್ಲೇ ಬಂದದ್ದು. ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಜರ್ಮನ್ ಸೇನಾಧಿಕಾರಿ 1899ರಲ್ಲಿ ಹೋರಾಂಡ್ ಎಂಬ ನಾಯಿಯನ್ನು ಮೊದಲನೆಯದಾಗಿ ದಾಖಲಿಸಿ ಈ ತಳಿಯನ್ನು ಕಟ್ಟತೊಡಗಿದ. ಅವನಿಗೆ ಬೇಕಾಗಿದ್ದದ್ದು ಕುರಿ ಕಾಯುವ ನಾಯಿ. ಬೇಲಿಯಿಲ್ಲದ ಹೊಲಗಳ ನಡುವೆ ಕುರಿಗಳು ಮೇಯುವಾಗ, ಅವು ಪಕ್ಕದ ಬೆಳೆಗೆ ನುಗ್ಗದಂತೆ ಬದುವಿನುದ್ದಕ್ಕೂ ಬೆಳಗಿನಿಂದ ಸಂಜೆವರೆಗೆ ಅತ್ತಿಂದಿತ್ತ ನಡೆಯುವುದೇ ಅದರ ಕೆಲಸವಾಗಿತ್ತು. ಕಾಂಪೌಂಡಿನ ಗೋಡೆಯುದ್ದಕ್ಕೂ ಓಡಾಡುವ, ಓಡುವ ಮಕ್ಕಳನ್ನು ಸುತ್ತುಹಾಕಿ ಹಿಮ್ಮಡಿಗೆ ಬಾಯಿ ಹಾಕುವ ನಾಯಿ ಕೆಟ್ಟದ್ದಲ್ಲ. ಬದು ಕಾಯುವ ಕೆಲಸ ಅದಕ್ಕೆ ಇಂದಿಗೂ ಮರೆತಿಲ್ಲ, ಅಷ್ಟೇ.

ಒಪ್ಪುವ ಮೊದಲು ಕೇಳಬೇಕಾದ್ದು

ಗಂಡು 60ರಿಂದ 65 ಸೆಂಟಿಮೀಟರ್ ಎತ್ತರ, 30ರಿಂದ 40 ಕೆಜಿ ತೂಕ. ಹೆಣ್ಣು 55ರಿಂದ 60 ಸೆಂಟಿಮೀಟರ್, 22ರಿಂದ 32 ಕೆಜಿ. ಈ ತೂಕದ ನಾಯಿ ಒಮ್ಮೆ ಹಗ್ಗ ಜಗ್ಗಿದರೆ ತಡೆಯುವ ಶಕ್ತಿ ಮನೆಯಲ್ಲಿ ಯಾರಿಗಿದೆ, ಇಬ್ಬರಿಗಾದರೂ ಇದೆಯೇ ಎಂದು ಮೊದಲೇ ಯೋಚಿಸಿ. ದಿನಾ ಓಡಾಡಿಸುವವರು ಒಬ್ಬರೇ ಆದರೆ ಅವರು ಜ್ವರ ಬಂದು ಮಲಗಿದ ದಿನ ನಾಯಿಗೂ ಕಷ್ಟ, ಮನೆಗೂ ಕಷ್ಟ.

ಮರಿಗಿಂತ ಎರಡು ವರ್ಷ ದಾಟಿದ ನಾಯಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಮರಿಯ ಸ್ವಭಾವವೂ ಸೊಂಟವೂ ಮುಂದೆ ಹೇಗಾಗುತ್ತವೆ ಎಂದು ಯಾರೂ ಹೇಳಲಾರರು. ಎರಡು ವರ್ಷದ ಹೊತ್ತಿಗೆ ಮೂಳೆ ಬಲಿತಿರುತ್ತದೆ, ಎಕ್ಸ್‌ರೇ ತೆಗೆದರೆ ಕೀಲಿನ ಸ್ಥಿತಿ ಕಣ್ಣಿಗೆ ಕಾಣುತ್ತದೆ, ಸ್ವಭಾವ ಒಂದು ಹದಕ್ಕೆ ಬಂದಿರುತ್ತದೆ.

ನಾಯಿಯನ್ನು ಇಟ್ಟುಕೊಂಡಿರುವವರ ಬಳಿ 'ಒಳ್ಳೆಯ ನಾಯಿಯೇ?' ಎಂದು ಕೇಳಿದರೆ 'ಹೌದು' ಎಂಬ ಉತ್ತರವೇ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ನಡೆದದ್ದನ್ನು ಕೇಳಿ. ಹಿಂದಿನವರು ಯಾವ ಮಾತು ಹೇಳಿ ಬಿಟ್ಟುಹೋದರು? ಯಾರನ್ನಾದರೂ ಕಚ್ಚಿದೆಯೇ? ಕಚ್ಚಿದ್ದರೆ ಗಾಯ ಎಷ್ಟಾಯಿತು, ಒಮ್ಮೆ ಹಲ್ಲು ತಾಗಿಸಿ ಬಿಟ್ಟಿತೋ, ಹಿಡಿದು ಕೊಡವಿತೋ, ಅದಕ್ಕೆ ಸ್ವಲ್ಪ ಮುಂಚೆ ಏನು ನಡೆಯುತ್ತಿತ್ತು? ಬೆಕ್ಕಿನ ಜತೆ, ಮಕ್ಕಳ ಜತೆ ಇಟ್ಟು ನೋಡಿದ್ದಾರೆಯೇ ಅಥವಾ ಊಹೆಯೇ? ಮಲ ಗಟ್ಟಿಯಾಗಿ ಬರುತ್ತದೆಯೇ, ದಿನಕ್ಕೆ ಎಷ್ಟು ಸಲ? ಕೊನೆಯ ಪ್ರಶ್ನೆಗೆ ಕೇಳಿದವರೂ ಮುಜುಗರಪಡುತ್ತಾರೆ, ಹೇಳುವವರೂ ಮುಜುಗರಪಡುತ್ತಾರೆ. ಆದರೆ ಈ ತಳಿಯಲ್ಲಿ ಅದರಷ್ಟು ಉಪಯುಕ್ತ ಪ್ರಶ್ನೆ ಇನ್ನೊಂದಿಲ್ಲ.

ದತ್ತುಕೇಂದ್ರದ ಬೋನಿನೊಳಗೆ ನೋಡಿದ ನಾಯಿ ಮನೆಯೊಳಗಿನ ನಾಯಿಯಲ್ಲ. ಹತ್ತಾರು ನಾಯಿಗಳು ಬೊಗಳುವ ಜಾಗದಲ್ಲಿ ಶೆಫರ್ಡ್ ಕಂಬಿಗೆ ಹಾರಿ ಹಾರಿ ಬೊಗಳುತ್ತಿರಬಹುದು, ಮೂಲೆ ಹಿಡಿದು ನಡುಗುತ್ತಿರಬಹುದು. ಹೊರಗೆ ಕರೆತಂದು, ಹದಿನೈದು ಇಪ್ಪತ್ತು ನಿಮಿಷ ಸುಮ್ಮನೆ ಮೂಸಲು ಬಿಟ್ಟು, ಆಮೇಲೆ ನೋಡಿ. ಅಷ್ಟು ಹೊತ್ತಿನಲ್ಲಿ ಒಂದು ಸಲವಾದರೂ ತಾನಾಗಿ ನಿಮ್ಮ ಕಡೆ ತಿರುಗಿ ನೋಡಿತೇ? ಗಾಬರಿಯಾದ ಮೇಲೆ ಎಷ್ಟು ಬೇಗ ಸುಧಾರಿಸಿಕೊಂಡಿತು? ಗಾಬರಿಯಾಗುವುದು ದೊಡ್ಡ ವಿಷಯವಲ್ಲ, ಸುಧಾರಿಸಿಕೊಳ್ಳದಿರುವುದು ದೊಡ್ಡ ವಿಷಯ. ಹಾಗೆಯೇ ಅದು ನಡೆಯುವಾಗ ಹಿಂದಿನಿಂದ, ಪಕ್ಕದಿಂದ ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ. ವೈದ್ಯರ ಮೇಜಿನ ಮೇಲೆ ಭಯದಿಂದ ಸೆಟೆದು ನಿಂತ ನಾಯಿಗಿಂತ ಈ ವಿಡಿಯೋ ಅವರಿಗೆ ಹೆಚ್ಚು ಹೇಳುತ್ತದೆ.

ಮೊದಲ ಎರಡು ವಾರ

ಹೊಸ ನಾಯಿ ತಪ್ಪಿಸಿಕೊಂಡು ಓಡಿಹೋಗುವ ಅಪಾಯ ಮೊದಲ ದಿನಗಳಲ್ಲಿ ಎಲ್ಲಕ್ಕಿಂತ ಹೆಚ್ಚು. ಕಾರಿನ ಬಾಗಿಲು ತೆರೆದ ಆ ಒಂದು ಕ್ಷಣ, ಗೇಟು ಅರೆತೆರೆದ ಇನ್ನೊಂದು ಕ್ಷಣ. ಆ ನಾಯಿಗೆ ನಿಮ್ಮ ದನಿ ಗೊತ್ತಿಲ್ಲ, ಹೆಸರು ಗೊತ್ತಿಲ್ಲ, ವಾಪಸು ಬರಲು ಮನೆ ಯಾವುದೆಂದೂ ಗೊತ್ತಿಲ್ಲ. ಆದ್ದರಿಂದ ಕುತ್ತಿಗೆಗೊಂದು, ಎದೆಗೊಂದು ಎಂದು ಎರಡು ಪಟ್ಟಿ, ಎರಡಕ್ಕೂ ಹಗ್ಗ. ಕುತ್ತಿಗೆಗೆ ಎಳೆದಾಗ ಮಾತ್ರ ಸ್ವಲ್ಪ ಬಿಗಿಯಾಗುವ ಮಾರ್ಟಿಂಗೇಲ್ ಪಟ್ಟಿ ಒಳ್ಳೆಯದು, ಏಕೆಂದರೆ ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ಸಾದಾ ಪಟ್ಟಿಯಿಂದ ತಲೆ ನುಣುಚಿಸಿಕೊಳ್ಳುತ್ತದೆ. ಎದೆಪಟ್ಟಿ ಮುಂಗಾಲ ಹಿಂದೆ ಎರಡು ಬೆರಳು ತೂರುವಷ್ಟು ಸಡಿಲವಿರಲಿ, ಅದಕ್ಕಿಂತ ಹೆಚ್ಚು ಬೇಡ. ಫೋನ್ ನಂಬರ್ ಕೆತ್ತಿದ ಬಿಲ್ಲೆ ಕುತ್ತಿಗೆಯಲ್ಲಿರಲಿ. ಗುರುತಿಗೆಂದು ಚರ್ಮದಡಿ ಇಡುವ ಮೈಕ್ರೋಚಿಪ್ ಇದ್ದರೆ ಅದರ ದಾಖಲೆಯಲ್ಲಿ ಹಳೆಯ ಮಾಲೀಕರ ವಿವರವೇ ಉಳಿದಿರುತ್ತದೆ. ಅದನ್ನು ಬದಲಿಸದಿದ್ದರೆ ಚಿಪ್ ಇದ್ದೂ ಇಲ್ಲದಂತೆ.

ಮನೆಯೊಳಗೆ ಒಂದೇ ಕೋಣೆ, ಅಥವಾ ಕೋಣೆಯ ಒಂದು ಭಾಗವನ್ನು ಅಡ್ಡಗೇಟಿನಿಂದ ಬೇರ್ಪಡಿಸಿ ಕೊಡಿ. ಅಲ್ಲಿ ಜಾರದ ನೆಲಹಾಸು, ನೀರು, ದಪ್ಪ ಹಾಸಿಗೆ. ಮಲಗಿದ ಜಾಗಕ್ಕೆ ಯಾರೂ ಹೋಗಿ ಮುದ್ದಿಸಬಾರದು, ಮಕ್ಕಳಂತೂ ಖಂಡಿತ ಬೇಡ. ಎದ್ದು ತಾನಾಗಿ ಬಂದರೆ ಮಾತಾಡಿಸಿ. ಮುಟ್ಟುವುದಾದರೆ ತಲೆಯ ಮೇಲಿಂದ ಕೈ ತರದೆ ಎದೆಯ ಪಕ್ಕ ಮೂರು ಸೆಕೆಂಡು ಸವರಿ ನಿಲ್ಲಿಸಿ. ಇನ್ನೂ ಬೇಕು ಎಂದರೆ ಮೈ ಒರಗಿಸುತ್ತದೆ. ಮುಖ ತಿರುಗಿಸಿದರೆ, ತುಟಿ ನೆಕ್ಕಿಕೊಂಡರೆ, ಆಕಳಿಸಿದರೆ, ಸಾಕು ಎಂದರ್ಥ.

ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಲೆಕ್ಕವನ್ನು ನಾಯಿ ದತ್ತು ಕೊಡುವವರು ಹೇಳುತ್ತಾರೆ. ಮೂರು ದಿನ ದಿಕ್ಕು ತೋಚದ ಸ್ಥಿತಿ, ಮೂರು ವಾರಕ್ಕೆ ಮನೆಯ ಕ್ರಮ ತಿಳಿಯುತ್ತದೆ, ಮೂರು ತಿಂಗಳಿಗೆ ಇದು ನನ್ನ ಮನೆ ಎನಿಸುತ್ತದೆ. ಕಟ್ಟುನಿಟ್ಟಿನ ನಿಯಮವಲ್ಲ, ಆದರೆ ಶೆಫರ್ಡ್ ವಿಷಯದಲ್ಲಿ ಅದರ ಎರಡನೆಯ ಹಂತವನ್ನು ನೆನಪಿಡಬೇಕು. ಮೊದಲ ವಾರ 'ಎಷ್ಟು ಸಾಧು' ಎನಿಸಿದ ನಾಯಿ ಮೂರನೆಯ ವಾರ ಬಾಗಿಲ ಗಂಟೆಗೆ ಎಗರಿ ಬೊಗಳಲು ಶುರುಮಾಡುತ್ತದೆ. ಕೆಟ್ಟುಹೋಯಿತು ಎಂದುಕೊಂಡು ವಾಪಸು ಕೊಡುವವರು ಈ ಹೊತ್ತಿನಲ್ಲೇ. ನಿಜವಾಗಿ ಆದದ್ದೇನೆಂದರೆ, ಅಲ್ಲಿಯವರೆಗೆ ಭಯದಲ್ಲಿ ಮುದುಡಿದ್ದ ನಾಯಿ ಈಗ ಕಾಯಲು ತನಗೊಂದು ಮನೆ ಇದೆ ಎಂದು ಕಂಡುಕೊಂಡಿದೆ.

ಎರಡು ವಾರ ಅತಿಥಿಗಳು ಬೇಡ, ನಾಯಿಗಳ ಮೈದಾನ ಬೇಡ, ಸ್ನಾನವೂ ತೀರಾ ಅಗತ್ಯವಿಲ್ಲದಿದ್ದರೆ ಬೇಡ. ಓಡಿಸಿ ಸುಸ್ತು ಮಾಡಿದರೆ ಸರಿಹೋಗುತ್ತದೆ ಎಂಬ ಸಲಹೆ ಎಲ್ಲ ಕಡೆ ಕೇಳುತ್ತದೆ. ಆತಂಕದ ನಾಯಿಯ ಮಟ್ಟಿಗೆ ಅದು ತಪ್ಪು. ಮತ್ತೆ ಮತ್ತೆ ಚೆಂಡೆಸೆದು ಓಡಿಸಿದರೆ ಮೈ ದಣಿಯುತ್ತದೆ, ತಲೆ ಇನ್ನಷ್ಟು ಕಾಯುತ್ತದೆ. ಕೀಲುನೋವಿದ್ದರಂತೂ ಓಡಿ ಗಕ್ಕನೆ ನಿಂತು ತಿರುಗುವ ಪ್ರತಿ ಸಲವೂ ಪೆಟ್ಟು. ಬದಲಿಗೆ ಎದೆಪಟ್ಟಿಗೆ ಐದರಿಂದ ಹತ್ತು ಮೀಟರಿನ ಉದ್ದ ಹಗ್ಗ ಕಟ್ಟಿ, ಜನ ಕಡಿಮೆಯಿರುವ ಹೊತ್ತಿನಲ್ಲಿ, ಅದಕ್ಕೆ ಬೇಕಾದಷ್ಟು ಮೂಸಲು ಬಿಟ್ಟು ಅರ್ಧ ಗಂಟೆ ನಡೆಸಿ. ಉದ್ದ ಹಗ್ಗವನ್ನು ಕುತ್ತಿಗೆಪಟ್ಟಿಗೆ ಕಟ್ಟಬೇಡಿ. ವೇಗವಾಗಿ ಓಡಿದ ನಾಯಿ ಹಗ್ಗ ಮುಗಿದಾಗ ಕತ್ತಿನ ಮೂಳೆಗೆ ಏಟು ಮಾಡಿಕೊಳ್ಳುತ್ತದೆ. ಮನೆಗೆ ಬಂದ ಮೇಲೆ ನಿದ್ದೆ. ವಯಸ್ಕ ನಾಯಿ ದಿನಕ್ಕೆ 12ರಿಂದ 14 ಗಂಟೆ ಮಲಗಬೇಕು. ಬಿಟ್ಟುಬಂದ ಜಾಗದ ಗದ್ದಲದಲ್ಲಿ ಇದಕ್ಕೆ ಎಷ್ಟೋ ದಿನದಿಂದ ಸರಿಯಾದ ನಿದ್ದೆಯೇ ಆಗಿರುವುದಿಲ್ಲ.

ವೈದ್ಯರ ಬಳಿ: ಈ ತಳಿಗೆಂದೇ ಕೇಳಬೇಕಾದ ಪರೀಕ್ಷೆಗಳು

ಲಸಿಕೆ, ಜಂತುಹುಳುವಿನ ಔಷಧ, ಸಂತಾನಹರಣ ಇವು ಯಾವ ನಾಯಿಗಾದರೂ ಬೇಕಾದ್ದೇ. ಅದರ ಬಗ್ಗೆ ವೈದ್ಯರೇ ಹೇಳುತ್ತಾರೆ. ನೀವು ಬಾಯಿಬಿಟ್ಟು ಕೇಳಬೇಕಾದವು ಬೇರೆ ಇವೆ.

ಮೊದಲನೆಯದು ಮೇದೋಜೀರಕ ಗ್ರಂಥಿ. ಅನ್ನನಾಳದಿಂದ ಬಂದ ಆಹಾರವನ್ನು ಕರಗಿಸುವ ಕಿಣ್ವಗಳು ಈ ಗ್ರಂಥಿಯಿಂದ ಬರುತ್ತವೆ. ಜರ್ಮನ್ ಶೆಫರ್ಡ್‌ಗಳಲ್ಲಿ ಆ ಕಿಣ್ವ ತಯಾರಿಸುವ ಕೋಶಗಳು ಚಿಕ್ಕ ವಯಸ್ಸಿನಲ್ಲೇ ನಶಿಸುವುದು ಬೇರೆ ತಳಿಗಳಿಗಿಂತ ಹೆಚ್ಚು. ಅನೇಕ ಸಲ ನಾಲ್ಕು ವರ್ಷ ತುಂಬುವ ಮೊದಲೇ ಲಕ್ಷಣ ಕಾಣುತ್ತದೆ. ರಾಕ್ಷಸ ಹಸಿವು, ದಿನದಿನಕ್ಕೆ ಇಳಿಯುವ ತೂಕ, ರಾಶಿ ರಾಶಿಯಾಗಿ ಮೆತ್ತಗೆ ಜಿಡ್ಡುಜಿಡ್ಡಾದ ತಿಳಿಬಣ್ಣದ ಮಲ, ಹೊಟ್ಟೆಯಲ್ಲಿ ಗುಡುಗುಡು ಸದ್ದು, ತನ್ನ ಮಲವನ್ನೇ ತಿನ್ನುವುದು. ದತ್ತುಕೇಂದ್ರದಲ್ಲಿ ಸಣಕಲಾಗಿರುವ ಶೆಫರ್ಡ್ ಕಂಡರೆ ಎಲ್ಲರೂ ಉಪವಾಸ ಕೆಡವಿದ್ದಾರೆ ಎಂದೇ ತಿಳಿಯುತ್ತಾರೆ. ಹಾಗಿರಲೂಬಹುದು. ಆದರೆ ಒಂದು ತಿಂಗಳು ಹೊಟ್ಟೆತುಂಬ ತಿಂದರೂ ಮೈ ತುಂಬದಿದ್ದರೆ ಟಿಎಲ್‌ಐ ಎಂಬ ರಕ್ತಪರೀಕ್ಷೆ ಮಾಡಿಸಿ. ಅದಕ್ಕೆ 8ರಿಂದ 12 ಗಂಟೆ ಬರಿಹೊಟ್ಟೆಯಲ್ಲಿರಬೇಕು. ಫಲಿತಾಂಶ ಲೀಟರಿಗೆ 2.5 ಮೈಕ್ರೋಗ್ರಾಮ್ ಅಥವಾ ಅದಕ್ಕಿಂತ ಕಡಿಮೆ ಬಂದರೆ ರೋಗ ಖಚಿತ. 5.7ರ ಮೇಲಿದ್ದರೆ ಅದಲ್ಲ. ನಡುವೆ ಬಂದರೆ ಒಂದು ತಿಂಗಳು ಬಿಟ್ಟು ಮತ್ತೆ ಮಾಡಬೇಕು.

ಚಿಕಿತ್ಸೆ ಜೀವನಪರ್ಯಂತ, ಆದರೆ ಸರಳ. ಪ್ರತಿ ಊಟದಲ್ಲೂ ಕಿಣ್ವದ ಪುಡಿ ಬೆರೆಸಬೇಕು. ಸಾಮಾನ್ಯವಾಗಿ 10 ಕೆಜಿ ತೂಕಕ್ಕೆ ಒಂದು ಟೀ ಚಮಚದಿಂದ ಶುರುಮಾಡಿ, ಮಲ ಗಟ್ಟಿಯಾದ ಮೇಲೆ ವೈದ್ಯರು ಕಡಿಮೆ ಮಾಡುತ್ತಾ ಬರುತ್ತಾರೆ. ಮೇಲುಹೊದಿಕೆಯಿರುವ ಮಾತ್ರೆಗಳಿಗಿಂತ ಪುಡಿಯೇ ಚೆನ್ನಾಗಿ ಕೆಲಸ ಮಾಡುತ್ತದೆ. ಊಟ ಒದ್ದೆಯಾಗಿರಲಿ. ಒಣಪುಡಿ ಬಾಯಿಯಲ್ಲಿ ಅಂಟಿಕೊಂಡರೆ ಒಸಡಿನಲ್ಲಿ ಹುಣ್ಣಾಗುತ್ತದೆ. ಕಿಣ್ವ ಕೊಟ್ಟೂ ತೂಕ ಏರದಿದ್ದರೆ ಬಿ12 ಜೀವಸತ್ವ ನೋಡಿಸಿ. ಈ ರೋಗದಲ್ಲಿ ಅದು ಕುಸಿದಿರುವುದೇ ಹೆಚ್ಚು, ಆಗ ವಾರಕ್ಕೊಂದರಂತೆ ಆರು ವಾರ ಚುಚ್ಚುಮದ್ದು ಕೊಡುವುದು ರೂಢಿ. ಮನೆಯೊಳಗೆ ಹೊಲಸು ಮಾಡುತ್ತದೆ ಎಂದು ಹೊಡೆತ ತಿಂದ ನಾಯಿ ಒಂದು ಚಮಚ ಪುಡಿಯಿಂದ ಸರಿಹೋಗುವುದನ್ನು ನೋಡಿದರೆ, ಹಿಂದಿನ ಹೊಡೆತಗಳ ನೆನಪಿಗೇ ಸಂಕಟವಾಗುತ್ತದೆ.

ಎರಡನೆಯದು ಸೊಂಟ ಮತ್ತು ಮೊಣಕೈ ಕೀಲು. ತೊಡೆಮೂಳೆಯ ತಲೆ ಸೊಂಟದ ಗುಳಿಯಲ್ಲಿ ಸರಿಯಾಗಿ ಕೂರದಿದ್ದರೆ ಕೀಲು ಅಲುಗಾಡಿ ಅಲುಗಾಡಿ ಸವೆಯುತ್ತದೆ. ಇದು ಯಾವಾಗಲೂ ಕುಂಟಾಗಿ ಕಾಣುವುದಿಲ್ಲ. ಏಳುವಾಗ ಮುಂಗಾಲ ಮೇಲೆ ಭಾರ ಹಾಕಿ ನಿಧಾನ ಏಳುವುದು, ಓಡುವಾಗ ಎರಡೂ ಹಿಂಗಾಲು ಜೋಡಿಸಿ ಮೊಲದಂತೆ ಕುಪ್ಪಳಿಸುವುದು, ಕಾರಿಗೆ ಹತ್ತಲು ಹಿಂಜರಿಯುವುದು, ಕೂರು ಎಂದರೆ ಒಂದು ಪಕ್ಕಕ್ಕೆ ವಾಲಿ ಕೂರುವುದು, ಬಾಚಣಿಗೆ ಸೊಂಟದ ಬಳಿ ಬಂದೊಡನೆ ತಿರುಗಿ ನೋಡುವುದು. 'ಕೂರು ಎಂದರೆ ಕೇಳುವುದೇ ಇಲ್ಲ, ಮೊಂಡು' ಎಂದು ಹೆಸರು ಪಡೆದ ಶೆಫರ್ಡ್‌ಗೆ ಕೂರುವುದೇ ನೋವಿನ ಕೆಲಸವಾಗಿರಬಹುದು. ಎಕ್ಸ್‌ರೇ ಮಂಪರು ಕೊಟ್ಟೇ ತೆಗೆಯಬೇಕು. ಅಂಗಾತ ಮಲಗಿಸಿ ಹಿಂಗಾಲುಗಳನ್ನು ನೇರವಾಗಿ, ಒಂದಕ್ಕೊಂದು ಸಮಾನಾಂತರವಾಗಿ ಚಾಚಿ ಹಿಡಿಯದಿದ್ದರೆ ಚಿತ್ರದಿಂದ ಏನೂ ತಿಳಿಯುವುದಿಲ್ಲ. ಎಚ್ಚರವಿರುವ ನಾಯಿಯನ್ನು ಹಾಗೆ ಹಿಡಿಯುವುದು ಹಿಂಸೆ. ಸಂತಾನಹರಣಕ್ಕೆ ಹೇಗೂ ಅರಿವಳಿಕೆ ಕೊಡುವುದಿದ್ದರೆ ಅದೇ ಹೊತ್ತಿನಲ್ಲಿ ತೆಗೆಸಿಬಿಡಿ.

ಮುಟ್ಟಿದರೆ ಗುರ್ರೆನ್ನುವುದು ನೋವಿಗೋ ಭಯಕ್ಕೋ ಎಂದು ತಿಳಿಯದಾಗ, ವೈದ್ಯರು ಎರಡರಿಂದ ನಾಲ್ಕು ವಾರ ನೋವುನಿವಾರಕ ಕೊಟ್ಟು ನೋಡಬಹುದು. ಗುರ್ರೆನ್ನುವುದು ಕಡಿಮೆಯಾದರೆ ಉತ್ತರ ಸಿಕ್ಕಿತು. ಇದನ್ನು ನೀವೇ ಮಾಡಬೇಡಿ. ಮನುಷ್ಯರ ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡ ಕೆಡಿಸುತ್ತದೆ.

ಬಾಲದ ಬುಡವನ್ನು ಎತ್ತಿ ನೋಡಲು ಹೇಳಿ. ಗುದದ ಸುತ್ತ ರಂಧ್ರಗಳಾಗಿ ಕೀವು ಸೋರುವ ರೋಗ ಬಹುಪಾಲು ಈ ತಳಿಯದ್ದೇ. ದಟ್ಟ ಬಾಲದ ಕೆಳಗೆ ಅದು ಮುಚ್ಚಿಹೋಗಿರುತ್ತದೆ. ಹಿಂಭಾಗ ಸದಾ ನೆಕ್ಕುವುದು, ಮಲ ಮಾಡುವಾಗ ಕೂಗುವುದು, ದುರ್ವಾಸನೆ, ಬಾಲ ಮುಟ್ಟಿದರೆ ತಿರುಗಿಬೀಳುವುದು ಇದರ ಗುರುತು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸೈಕ್ಲೋಸ್ಪೋರಿನ್‌ನಿಂದ ಎಷ್ಟೋ ನಾಯಿಗಳಿಗೆ ಗುಣ ಕಾಣುತ್ತದೆ. ಕಣ್ಣಿನ ಹೊರಮೂಲೆಯಿಂದ ಕಪ್ಪುಗುಡ್ಡೆಯ ಮೇಲೆ ಕೆಂಪು ಪೊರೆ ಹಬ್ಬುತ್ತಿದ್ದರೆ ಅದು ಪ್ಯಾನಸ್. ಬಿಸಿಲಿನಲ್ಲಿ ಹೆಚ್ಚುತ್ತದೆ, ಬಿಡದೆ ಹನಿ ಹಾಕಿದರೆ ಹತೋಟಿಯಲ್ಲಿರುತ್ತದೆ, ಬಿಟ್ಟರೆ ದೃಷ್ಟಿ ಹೋಗುತ್ತದೆ.

ಉಣ್ಣಿಹುಳದ ಕಡಿತದಿಂದ ಬರುವ ಎರ್ಲಿಕಿಯಾ ಜ್ವರ ಶೆಫರ್ಡ್‌ಗಳಿಗೆ ಬೇರೆ ನಾಯಿಗಳಿಗಿಂತ ಕಠಿಣವಾಗಿ ಕಾಡುತ್ತದೆ. ಪ್ಲೇಟ್‌ಲೆಟ್ ಕುಸಿದು ಮೂಗಿನಿಂದ ರಕ್ತ ಬರುವವರೆಗೂ ಕಾಯಬೇಡಿ, ಬಂದ ವಾರವೇ ರಕ್ತ ಪರೀಕ್ಷಿಸಿ. ಹೃದಯದ ಹುಳುವಿನ ಪರೀಕ್ಷೆಯನ್ನು ಆರು ತಿಂಗಳ ನಂತರ ಮತ್ತೊಮ್ಮೆ ಮಾಡಿಸಬೇಕು. ಸೋಂಕು ತಗುಲಿ ಸುಮಾರು ಆರು ತಿಂಗಳಾಗುವವರೆಗೆ ಅದು ಪರೀಕ್ಷೆಯಲ್ಲಿ ಕಾಣದೇ ಇರಬಹುದು.

ಇನ್ನೊಂದು ಸಣ್ಣ ಪರೀಕ್ಷೆ, ಕೆನ್ನೆಯ ಒಳಭಾಗವನ್ನು ಹತ್ತಿಯಿಂದ ಸವರಿ ಮಾಡುವಂಥದ್ದು: ಎಂಡಿಆರ್1 ಜೀನು. ಮಿದುಳಿಗೆ ಔಷಧ ನುಗ್ಗದಂತೆ ತಡೆಯುವ ಪ್ರೋಟೀನು ಕೆಲವು ಶೆಫರ್ಡ್‌ಗಳಲ್ಲಿ ಕೆಟ್ಟಿರುತ್ತದೆ. ಅಂಥ ನಾಯಿಗೆ ಕಜ್ಜಿಗೆಂದು ದೊಡ್ಡ ಪ್ರಮಾಣದ ಐವರ್ಮೆಕ್ಟಿನ್ ಕೊಟ್ಟರೆ ತೂರಾಡಿ, ಕುರುಡಾಗಿ, ಪ್ರಜ್ಞೆ ತಪ್ಪಬಹುದು. ಭೇದಿ ನಿಲ್ಲಿಸುವ ಲೋಪೆರಮೈಡ್ ಕೂಡ ಅಪಾಯ. ಕಜ್ಜಿ ಹತ್ತಿ ರೋಮ ಉದುರಿದ ಶೆಫರ್ಡ್ ತರುವವರು ಇದನ್ನು ಮರೆಯಲೇಬಾರದು.

ಊಟ

ಮುಷ್ಟಿ ಬಿಗಿದು ಬೆರಳಗೆಣ್ಣುಗಳನ್ನು ಸವರಿ ನೋಡಿ. ನಾಯಿಯ ಪಕ್ಕೆಲುಬು ಹಾಗೆ ಕೈಗೆ ತಾಗಿದರೆ ಸಣಕಲು. ಕೈ ಚಪ್ಪಟೆ ಚಾಚಿ ಹಿಂಗೈ ಸವರಿದಾಗ ಎಲುಬು ಸಿಗುವಂತೆ ಸಿಕ್ಕರೆ ಸರಿಯಾದ ಮೈ. ಅಂಗೈಯಂತೆ ಮೆತ್ತಗಿದ್ದರೆ ಹೆಚ್ಚಾಯಿತು. ಕೀಲಿನ ತೊಂದರೆಯಿರುವ ಶೆಫರ್ಡ್‌ಗೆ ಮೈ ತೆಳುವಾಗಿಟ್ಟಷ್ಟು ಬೇರೆ ಯಾವ ಔಷಧವೂ ಉಪಕಾರ ಮಾಡುವುದಿಲ್ಲ.

30 ಕೆಜಿ ನಾಯಿಗೆ ಸುಮ್ಮನೆ ಮಲಗಿದ್ದರೂ ದಿನಕ್ಕೆ ಸುಮಾರು 900 ಕಿಲೋಕ್ಯಾಲರಿ ಬೇಕು. ಸಂತಾನಹರಣವಾದ, ಸಾಧಾರಣ ಓಡಾಟದ ವಯಸ್ಕ ನಾಯಿಗೆ ಸುಮಾರು 1,400. ಆಹಾರದ ಚೀಲದ ಮೇಲೆ ಕೆಜಿಗೆ ಎಷ್ಟು ಕಿಲೋಕ್ಯಾಲರಿ ಎಂದು ಬರೆದಿರುತ್ತದೆ. ಲೋಟದ ಅಳತೆ ಬಿಟ್ಟು ತೂಕ ಮಾಡಿ ಹಾಕಿ.

ಎಲುಬುಗೂಡಾಗಿ ಬಂದ ನಾಯಿಗೆ ಮರುಕದಿಂದ ತಟ್ಟೆ ತುಂಬ ಹಾಕುವುದು ಅದನ್ನು ಕೊಲ್ಲಬಹುದು. ಬಹುದಿನ ಉಪವಾಸದ ಮೈಗೆ ಒಮ್ಮೆಲೇ ಊಟ ಬಿದ್ದರೆ ಇನ್ಸುಲಿನ್ ಉಕ್ಕಿ, ರಕ್ತದಲ್ಲಿದ್ದ ಅಲ್ಪಸ್ವಲ್ಪ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಕೋಶಗಳೊಳಕ್ಕೆ ಸೇರಿಬಿಡುತ್ತವೆ. ಹೃದಯದ ಬಡಿತ ತಪ್ಪುತ್ತದೆ. ಮೊದಲ ದಿನ, ಸುಮ್ಮನೆ ಮಲಗಿದ್ದರೂ ಬೇಕಾಗುವ ಕ್ಯಾಲರಿಯ ಕಾಲು ಭಾಗದಿಂದ ಮೂರನೇ ಒಂದು ಭಾಗ ಮಾತ್ರ, ಅದೂ ನಾಲ್ಕೈದು ಪಾಲಾಗಿ. ವಾರ ಹತ್ತು ದಿನದಲ್ಲಿ ಮೆಲ್ಲಗೆ ಏರಿಸಬೇಕು, ನಡುವೆ ರಕ್ತ ಪರೀಕ್ಷಿಸುತ್ತಿರಬೇಕು. ಸಾಧಾರಣ ಮೈಕಟ್ಟಿನ ನಾಯಿಗೆ ಇಷ್ಟೆಲ್ಲ ಬೇಡ. ಮೊದಲಿದ್ದ ಆಹಾರವನ್ನೇ ಒಂದು ವಾರ ಕೊಟ್ಟು, ಆಮೇಲೆ ಏಳರಿಂದ ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಹೊಸದಕ್ಕೆ ಬದಲಿಸಿದರೆ ಸಾಕು.

ಆಳವಾದ ಎದೆಗೂಡಿನ ನಾಯಿಯಾದ್ದರಿಂದ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ. ದಿನದ ಊಟವನ್ನು ಒಂದೇ ಹೊತ್ತಿಗೆ ಕೊಡದೆ ಎರಡು ಮೂರಾಗಿ ಹಂಚಿ. ಗಬಗಬ ತಿನ್ನುವುದಕ್ಕೆ ಒಳಗೆ ಉಬ್ಬುಗಳಿರುವ ತಟ್ಟೆ ಬಳಸಿ ಅಥವಾ ಅಗಲ ತಟ್ಟೆಯಲ್ಲಿ ಹರಡಿ. ವಾಂತಿಗೆ ಓಕರಿಸುತ್ತದೆ ಆದರೆ ಏನೂ ಬರುತ್ತಿಲ್ಲ, ಜೊಲ್ಲು ಸುರಿಯುತ್ತಿದೆ, ನಿಂತಲ್ಲಿ ನಿಲ್ಲುತ್ತಿಲ್ಲ, ಹೊಟ್ಟೆ ಡೋಲಿನಂತೆ ಬಿಗಿದಿದೆ ಎಂದರೆ ಬೆಳಗಾಗಲಿ ಎಂದು ಕಾಯಬೇಡಿ. ಉಳಿಸಲು ಇರುವುದು ಕೆಲವೇ ಗಂಟೆ. ತುರ್ತು ಶಸ್ತ್ರಚಿಕಿತ್ಸೆಯಿರುವ ಆಸ್ಪತ್ರೆ ಯಾವುದೆಂದು ನಾಯಿ ಬರುವ ಮೊದಲೇ ತಿಳಿದಿಟ್ಟುಕೊಳ್ಳಿ. ಹೆಣ್ಣುನಾಯಿಯ ಸಂತಾನಹರಣದ ಹೊತ್ತಿನಲ್ಲೇ ಜಠರವನ್ನು ಹೊಟ್ಟೆಯ ಗೋಡೆಗೆ ಹೊಲಿದು ತಿರುಚದಂತೆ ಮಾಡಿಸಬಹುದು. ಇದನ್ನು ಹೊಗಳಿ ಹೇಳಲು ನನಗೆ ಹಿಂಜರಿಕೆಯಿಲ್ಲ.

ಇಷ್ಟಾದ ಮೇಲೆ ನಡತೆ

ಗುರ್ರೆಂದದ್ದಕ್ಕೆ ಗದರಬೇಡಿ. ಅದು ನಾಯಿ ಕೊಡುವ ಸೂಚನೆ. ಸೂಚನೆ ಕೊಟ್ಟದ್ದಕ್ಕೆ ಏಟು ತಿಂದ ನಾಯಿ ಮುಂದಿನ ಸಲ ಸೂಚನೆ ಕೊಡದೆ ನೇರವಾಗಿ ಕಚ್ಚುತ್ತದೆ. ತಟ್ಟೆಯ ಬಳಿ ಗುರ್ರೆನ್ನುವ ನಾಯಿಯ ತಟ್ಟೆಯನ್ನು ಕಿತ್ತುಕೊಂಡು ಯಜಮಾನಿಕೆ ತೋರಿಸಬೇಡಿ. ಅದು ತಲೆ ಎತ್ತದಷ್ಟು ದೂರದಲ್ಲಿ ಹಾದುಹೋಗುತ್ತಾ, ತಟ್ಟೆಯಲ್ಲಿರುವುದಕ್ಕಿಂತ ರುಚಿಯಾದ ಚೂರೊಂದನ್ನು ಎಸೆದು ಮುಂದೆ ನಡೆಯಿರಿ. ದಿನಕ್ಕೆ ನಾಲ್ಕೈದು ಸಲ ಸಾಕು. ನೀವು ಬರುವುದನ್ನು ಕಂಡು ಅದರ ಮುಖ ಸಡಿಲಾಗತೊಡಗಿದ ಮೇಲೆ ಒಂದು ಹೆಜ್ಜೆ ಹತ್ತಿರ.

ಗೇಟಿನ ಓಡಾಟಕ್ಕೆ ಮೊದಲ ಮದ್ದು ತರಬೇತಿಯಲ್ಲ, ಮರೆ. ಗೇಟಿನ ಕಂಬಿಗಳಿಗೆ ತಗಡೋ ಹಾಳೆಯೋ ಕಟ್ಟಿ ಹೊರಗಿನದು ಕಾಣದಂತೆ ಮಾಡಿ. ಪ್ರತಿ ದಾರಿಹೋಕನೂ ಹೇಗೂ ಮುಂದೆ ಹೋಗೇ ಹೋಗುತ್ತಾನೆ. ಆದರೆ ನಾಯಿಯ ಲೆಕ್ಕದಲ್ಲಿ, ತಾನು ಬೊಗಳಿದ್ದರಿಂದಲೇ ಅವನು ಹೋದ. ದಿನಕ್ಕೆ ಐವತ್ತು ಸಲ ಗೆದ್ದ ಅಭ್ಯಾಸವನ್ನು ಯಾವ ಬಿಸ್ಕತ್ತೂ ಬಿಡಿಸಲಾರದು. ಒಂಟಿಯಾಗಿ ಅಂಗಳದಲ್ಲಿ ಬಿಡದೆ ಜತೆಗೆ ನೀವೂ ಇರಿ. ಬೊಗಳುವ ಮುನ್ನ ಕಿವಿ ನೆಟ್ಟಗಾದ ಕ್ಷಣದಲ್ಲೇ ಹೆಸರು ಕರೆದು, ತಿರುಗಿದೊಡನೆ ತಿಂಡಿ ಕೊಡಿ. ಬದು ಕಾಯುವ ಆಸೆಗೆ ಬೇರೆ ದಾರಿಯೂ ಬೇಕು. ಮನೆಯೊಳಗೆ ವಸ್ತು ಬಚ್ಚಿಟ್ಟು ಮೂಸಿ ಹುಡುಕಿಸುವುದು ಕೀಲಿಗೆ ಭಾರವಿಲ್ಲದ, ತಲೆಗೆ ತೃಪ್ತಿ ಕೊಡುವ ಕೆಲಸ. ಹದಿನೈದು ನಿಮಿಷ ಮೂಗಿನ ಕೆಲಸ ಮಾಡಿದ ಶೆಫರ್ಡ್ ಹಾಯಾಗಿ ಮಲಗುತ್ತದೆ.

ಅತಿಥಿ ಬಂದಾಗ ನಾಯಿ ಅಡ್ಡಗೇಟಿನ ಆಚೆ ಇರಲಿ. ಬಂದವರು ಕೂತ ಮೇಲೆ ಹಗ್ಗದಲ್ಲಿ ಕರೆತನ್ನಿ. ಅವರು ನೋಡುವುದೂ ಬೇಡ, ಕೈ ಚಾಚುವುದೂ ಬೇಡ. ಬುಟ್ಟಿಯಂತಿರುವ ಬಾಯಿಕುಕ್ಕೆಯ ಅಭ್ಯಾಸವನ್ನು ಎಲ್ಲ ಶೆಫರ್ಡ್‌ಗೂ ಮಾಡಿಸಿ, ಕಚ್ಚುವ ನಾಯಿಗೆ ಮಾತ್ರ ಎಂದುಕೊಳ್ಳಬೇಡಿ. ನೋವಾದಾಗ ವೈದ್ಯರು ಮುಟ್ಟಲೇಬೇಕಾಗುತ್ತದೆ. ಒಳಗೆ ಬಾಯಿ ತೆರೆದು ಏದಲು, ನೀರು ಕುಡಿಯಲು ಆಗುವಂಥದ್ದಿರಬೇಕು. ಬಾಯಿ ಬಿಗಿದು ಕಟ್ಟುವ ಬಟ್ಟೆಯ ಪಟ್ಟಿ ಹಾಕಿ ಓಡಾಡಿಸಿದರೆ ಸೆಖೆ ತಡೆಯಲಾಗದು. ಕುಕ್ಕೆಯ ತಳಕ್ಕೆ ತಿಂಡಿ ಸವರಿ ತಾನಾಗಿ ಮೂತಿ ತೂರಿಸಲು ಬಿಡಿ. ಮೊದಲ ನಾಲ್ಕೈದು ದಿನ ಪಟ್ಟಿ ಕಟ್ಟಬೇಡಿ, ಆಮೇಲೆ ಎರಡು ಸೆಕೆಂಡು, ಹತ್ತು ಸೆಕೆಂಡು, ಒಂದು ನಿಮಿಷ. ಎರಡು ವಾರದಲ್ಲಿ ಕುಕ್ಕೆ ಕಂಡರೆ ಓಡಿಬರುತ್ತದೆ.

ಈ ತಳಿ ಒಬ್ಬರಿಗೇ ಅಂಟಿಕೊಳ್ಳುವುದು ಹೆಚ್ಚು. ಆ ಒಬ್ಬರು ಸ್ನಾನದ ಮನೆಗೆ ಹೋದರೂ ಬಾಗಿಲು ಕೆರೆಯುತ್ತದೆ. ಊಟ, ಓಡಾಟ, ಬಾಚುವುದನ್ನು ಮನೆಯವರೆಲ್ಲ ಹಂಚಿಕೊಳ್ಳಿ. ಒಂಟಿಯಾಗಿರುವ ಅಭ್ಯಾಸ ಸೆಕೆಂಡುಗಳಿಂದ ಶುರುವಾಗಲಿ. ಹೊರಗೆ ಹೋಗಿ ಬಾಗಿಲು ಮುಚ್ಚಿ ಐದು ಸೆಕೆಂಡಿಗೆ ವಾಪಸು, ಆಮೇಲೆ ಇಪ್ಪತ್ತು, ಆಮೇಲೆ ಒಂದು ನಿಮಿಷ. ಫೋನಿನ ಕ್ಯಾಮೆರಾ ಒಳಗಿಟ್ಟು ನೋಡಿ. ಬಾಗಿಲ ಬಳಿ ಏದುತ್ತಾ ನಿಂತಿದ್ದರೆ ಅವಧಿ ಹೆಚ್ಚಾಯಿತು, ಹಿಂದಕ್ಕೆ ಹೋಗಿ.

ರೋಮದ ಬಗ್ಗೆ ಎರಡೇ ಮಾತು. ಎರಡು ಪದರದ ಹೊದಿಕೆಯನ್ನು ಸೆಖೆಯೆಂದು ಬೋಳಿಸಬೇಡಿ, ಬಿಸಿಲು ನೇರ ಚರ್ಮಕ್ಕೆ ತಾಗುತ್ತದೆ, ಮತ್ತೆ ಬೆಳೆಯುವಾಗ ಮೊದಲಿನಂತೆ ಬರದೇ ಇರಬಹುದು. ವಾರಕ್ಕೆ ಎರಡು ಮೂರು ಸಲ ಒಳರೋಮ ತೆಗೆಯುವ ಬಾಚಣಿಗೆಯಿಂದ ಬಾಚಿದರೆ ಸಾಕು.

ಏಳೆಂಟು ವರ್ಷ ದಾಟಿದ ನಾಯಿ ತಂದಿದ್ದರೆ ತಿಂಗಳಿಗೊಮ್ಮೆ ಒಂದು ಪರೀಕ್ಷೆ ಮನೆಯಲ್ಲೇ ಮಾಡಿ. ನಿಂತಿರುವಾಗ ಹಿಂಗಾಲ ಪಾದವನ್ನು ಮಡಚಿ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡಿ. ಆರೋಗ್ಯದ ನಾಯಿ ತಕ್ಷಣ ಪಾದ ತಿರುಗಿಸಿಕೊಳ್ಳುತ್ತದೆ. ಹಾಗೇ ಬಿಟ್ಟರೆ, ನಡೆಯುವಾಗ ಹಿಂಗಾಲ ಉಗುರು ನೆಲಕ್ಕೆ ಕೆರೆದು ಒಳಗಿನ ಎರಡು ಉಗುರು ಸವೆದಿದ್ದರೆ, ಬೆನ್ನುಹುರಿ ನಿಧಾನ ನಶಿಸುವ ಡಿಎಂ ರೋಗ ಇರಬಹುದು. ಇದಕ್ಕೆ ನೋವಿಲ್ಲ, ಕೀಲುರೋಗಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಅದೇ. ಬೆನ್ನಮೂಳೆಯ ತಟ್ಟೆ ಜಾರಿದಾಗಲೂ ಇದೇ ರೀತಿ ಕಾಣುವುದರಿಂದ ವೈದ್ಯರೇ ಬೇರ್ಪಡಿಸಿ ಹೇಳಬೇಕು. ಡಿಎಂ ವಾಸಿಯಾಗುವುದಿಲ್ಲ. ದಿನವೂ ನಿಧಾನ ನಡಿಗೆ, ನೀರಿನಲ್ಲಿ ವ್ಯಾಯಾಮ, ಜಾರದ ನೆಲ, ಹೊಟ್ಟೆಯ ಕೆಳಗೆ ಹಿಡಿದೆತ್ತುವ ಪಟ್ಟಿ, ಇವು ನಡೆದಾಡುವ ತಿಂಗಳುಗಳನ್ನು ಹೆಚ್ಚಿಸುತ್ತವೆ. ಪಾದದ ಮೇಲ್ಭಾಗ ಕೆರೆದು ಗಾಯವಾಗತೊಡಗಿದಾಗ ರಬ್ಬರಿನ ಕಾಲುಚೀಲ ಹಾಕಿ. ಮನೆಯೊಳಗೆ ಬಂದ ಮೇಲೆ ಬಿಚ್ಚಿಡಿ, ಬೆರಳ ಸಂದು ಒಣಗಲಿ.